ಹಗ್ಗದ ಮೇಲೆ ಹದಿನೈದು

ಸೋಮವಾರ ಬೆಳಿಗ್ಗೆ ಹಗ್ಗಕ್ಕೆ ಹಾಕುತ್ತಿದ್ದೆ
ಒಂದರಿಂದ ಹದಿನೈದು, ಕ್ರಮ ತಪ್ಪದೆ.
ಲೀಟ್ರಿಮ್ಮಿನ ಗಾಳಿ ಖಾಲಿ ತೋಳುಗಳೊಳಗೆ ನುಗ್ಗಿ
ನಿನ್ನೆ ಸೋತ ಆಟವನ್ನು
ಇನ್ನೊಮ್ಮೆ ಆಡಿಸಿ ನೋಡುತ್ತಿತ್ತು.

ಒಗೆಯುವವಳಿಗೆ ಗೊತ್ತಿರುವುದು
ಪಾಪನಿವೇದನೆ ಕೇಳುವ ಫಾದರ್ ಕಾನ್‌ಬಾಯ್‌ಗೂ ಗೊತ್ತಿರಲಿಲ್ಲ.
ಮೂರನೆಯದರ ತೋಳಿಗೆ ಸಗಣಿ:
ಫಿಂಟನ್ ಮಲ್ವಿ ಹಾಲು ಕರೆದು ನೆಟ್ಟಗೆ ಮೈದಾನಕ್ಕೇ ಬಂದಿದ್ದಾನೆ.
ಆರರ ಕೊರಳಲ್ಲಿ ಸೆಂಟಿನ ವಾಸನೆ, ನಮ್ಮೂರ ಅಂಗಡಿಯದಲ್ಲ.
ಹದಿಮೂರರಲ್ಲಿ ಒಂದು ಕಲೆಯೂ ಇಲ್ಲ.
ಕೋಲ್ಮನ್ ಗಿಲ್ರೇನ್, ಚೆಂಡು ಬಂದತ್ತ ಹೋಗದವನು.
ಅದನ್ನು ಯಾರಿಗೂ ಹೇಳುತ್ತಿರಲಿಲ್ಲ;
ಅವನ ತಾಯಿ ಮೊಣಕಾಲೂರುವುದು ನನ್ನ ಪಕ್ಕದಲ್ಲೇ.

ನಾನು ಹುಟ್ಟಿದ್ದು ಹೊಳೆಯಾಚೆ, ಆಹವೋರಿನಲ್ಲಿ.
ಅವರದು ಕೆಂಪು, ಡ್ರಮ್‌ಕೀಲನ್ನಿನದು ಬಿಳಿ.
ಹೊಳೆಯೆಂದರೆ ಎಂಥ ಹೊಳೆ,
ಹಸು ದಾಟಿದರೆ ಕೆಚ್ಚಲು ನೆನೆಯದು.
ಆದರೂ ಈಚೆ ದೀಕ್ಷಾಸ್ನಾನವಾದವನು ಈಚೆಯವನೇ,
ಮಣ್ಣಿಗೆ ಹೋಗುವತನಕ.
ಹೆಂಗಸರಿಗೆ ಮಾತ್ರ ಆ ಕಾನೂನಿಲ್ಲ.
ಮದುವೆಯಾಗಿ ಬಂದ ಮೂರನೇ ದಿನ
ಅತ್ತೆ ಕೈಗಿತ್ತಳು ಬಿಳಿ ಅಂಗಿಗಳ ಗೋಣಿಚೀಲ,
ಸೋಪು, ಕೂದಲುದುರಿದ ಬ್ರಷ್ಷು.
ಎರಡು ಊರು ಎದುರಾಗುವ ವಾರ ನನ್ನಪ್ಪ ಮಾತಾಡುತ್ತಿರಲಿಲ್ಲ.
ಉಳಿದ ವಾರ ದನದ ಸಂತೆಯಲ್ಲಿ ಸಿಕ್ಕರೆ
"ಹೇಗಿದ್ದಾನೆ?" ಎನ್ನುತ್ತಿದ್ದ,
ಮೊಮ್ಮಗನ ಬಗ್ಗೆ ಅಲ್ಲ,
ನಮ್ಮ ಎಂಟನೇ ನಂಬರಿನವನ ಮಂಡಿಯ ಬಗ್ಗೆ.

ಭಾನುವಾರ ಪೂಜೆ ಮುಗಿಯುವ ಮುನ್ನ ಪ್ರಕಟಣೆ:
ಸತ್ತವರ ಹೆಸರು, ಹಾಸಿಗೆ ಹಿಡಿದವರ ಹೆಸರು, ತಂಡದ ಹೆಸರು,
ಮೂರಕ್ಕೂ ಒಂದೇ ದನಿ.
ಆಮೇಲೆ ಕಟುಕ ಲಾಹಿಯಿಂದ ನಾಲ್ಕು ಬಿಳಿ ಕೋಟು ಎರವಲು,
ಗೋಲುಕಂಬದ ಬಳಿ ಬಾವುಟ ಹಿಡಿದು ನಿಲ್ಲುವವರಿಗೆ.
ಕಂಬಿಯ ಮೇಲೆ ಹಾರಿದರೆ ಒಂದು, ಕೆಳಗೆ ನುಗ್ಗಿದರೆ ಮೂರು.
ನಮ್ಮ ಕೌಂಟಿ ಗೆದ್ದದ್ದು ಕಡಿಮೆ.
ಗೆಲ್ಲದವರ ಲೆಕ್ಕ ಪಕ್ಕಾ ಇರುತ್ತದೆ:
ಯಾವ ವರ್ಷ ಯಾರ ಕಾಲಿನಿಂದ
ಎಷ್ಟು ಅಂಗುಲ ಪಕ್ಕಕ್ಕೆ ಹೋಯಿತೆಂದು
ಹಾಲುಹಲ್ಲಿನ ಮಕ್ಕಳಿಗೂ ಬಾಯಿಪಾಠ.

ಎಂಬತ್ತಾರರ ಚಳಿಗಾಲ
ಹಗ್ಗದ ಮೇಲೆ ಹನ್ನೊಂದೇ ಅಂಗಿ.
ಉಳಿದ ನಾಲ್ಕು ಮಡಿಕೆ ಮುರಿಯದೆ ಚೀಲದಲ್ಲಿ.
ಹೊಳೆಯಾಚೆ ಎಂಟು.
ಪಾದ್ರಿಮನೆಯಲ್ಲಿ ಮೂರು ರಾತ್ರಿ ಸಭೆ,
ಹೆಸರು ಯಾರದು, ಮೈದಾನ ಯಾರದು, ಬಣ್ಣ ಯಾರದು,
ಟೀ ಸೋಸಿ ಸೋಸಿ ಮನೆಗೆಲಸದ ಡಿಂಪ್ನಾ ಕೆಲಸ ಬಿಡುವೆನೆಂದಳು.
ಕೊನೆಗೆ ಒಪ್ಪಿದ್ದು, ಹಲ್ಲು ಕಚ್ಚಿಕೊಂಡು:
ಬಿಳಿ ಅಂಗಿ, ಎದೆಗೆ ಕೆಂಪು ಪಟ್ಟಿ,
ಪಟ್ಟಿಯ ಅಗಲ ಐದು ಅಂಗುಲ,
ನಾಲ್ಕೂವರೆಯಲ್ಲ.

ಹೊಸ ಬಟ್ಟೆ, ಗಂಜಿ ಹೋಗಲೆಂದು ಗುರುವಾರ ನೆನೆಸಿದೆ.
ಬಿಸಿನೀರು ಬೇಕಿರಲಿಲ್ಲ.
ಹಾಕಿದೆ.
ಎರಡು ಗಂಟೆ ಹೊಸ್ತಿಲಲ್ಲಿ ಕೂತು ಆಲೂಗೆಡ್ಡೆ ಸಿಪ್ಪೆ ತೆಗೆದೆ,
ಹಿಂತಿರುಗಿ ನೋಡಲಿಲ್ಲ.

ಭಾನುವಾರ ಓಡಿಬಂದರು ಹದಿನೈದು ಹುಡುಗರು
ಆಗತಾನೆ ಹುಟ್ಟಿದ ಹಂದಿಮರಿಗಳ ಬಣ್ಣದಲ್ಲಿ.
ಬೇಲಿಯುದ್ದಕ್ಕೂ ಎರಡು ಊರು, ಮಾತಿಲ್ಲ,
ಪಾದ್ರಿ ರೊಟ್ಟಿ ಮೇಲೆತ್ತುವ ಹೊತ್ತಿನಂಥ ಮೌನ.
ನನ್ನಪ್ಪ ಟೋಪಿ ತೆಗೆದ, ತಲೆ ಕೆರೆದ,
ಮತ್ತೆ ಹಾಕಿಕೊಂಡ.
ಎದುರಾಳಿಗಳು ನಕ್ಕರು.
ಆ ನಗೆ ನಮಗೆ ಒಟ್ಟಿಗೇ ನಾಟಿತು,
ಆಚೆಯವರಿಗೆ ಒಂದು, ಈಚೆಯವರಿಗೊಂದು ಅಂತಿರಲಿಲ್ಲ.
ಚೆಂಡು ಮೊದಲು ಬಂದದ್ದು ಕೋಲ್ಮನ್‌ನತ್ತ.
ಈ ಸಲ ಹೋದ.
ಮೂರು ಜನರ ನಡುವೆ ನೆಗೆದು, ಹಿಡಿದು,
ಬೆನ್ನಡಿಯಾಗಿ ಕೆಸರಿಗೆ ಬಿದ್ದ.
"ಏಳೋ, ನಮ್ಮ ಹುಡುಗಾ!" ಅಂದದ್ದು
ಹೊಳೆಯಾಚೆಯ ದನಿ.
ನನಗೆ ಹುಟ್ಟಿದಾಗಿನಿಂದ ಗೊತ್ತಿರುವ ದನಿ.

ಒಂದು ಪಾಯಿಂಟಿನಿಂದ ಸೋತೆವು.

ಸೋಮವಾರ ಹದಿಮೂರರ ಬೆನ್ನ ಕೆಸರು
ಎರಡು ಸಲ ನೆನೆಸಿದರೂ ಹೋಗಲಿಲ್ಲ.
ಮೂರನೇ ಸಲ ನೆನೆಸಲಿಲ್ಲ.
ಕ್ರಮ ತಪ್ಪಿಸಿ ಕೊನೆಗೆ ಹಾಕಿದೆ,
ರಸ್ತೆಗೆ ಕಾಣುವ ಹಾಗೆ,
ಅವನ ತಾಯಿ ಹಾಲಿಗೆ ಬರುವ ಹೊತ್ತಿಗೆ.